ಕೇಳಿ ತೆಗೆಯುವ ಯಂತ್ರ

ನಿವೃತ್ತ ಬಸ್ ಚಾಲಕ ಗುರುಸಿದ್ದಪ್ಪ ತಲೆಯಲ್ಲಿನ ಒಂದು ವಿದ್ಯೆ ತೆಗೆದು ಇನ್ನೊಂದು ತುಂಬಿಕೊಡುವ ನಮ್ಮ ಹುಬ್ಬಳ್ಳಿಯ ಅಂಗಡಿಗೆ ಬಂದು, ಯಂತ್ರದ ಕುರ್ಚಿಗೆ ತಲೆಯೊರಗಿಸಿದರು.

"ಅಕ್ಕಾರ, ತಲ್ಯಾಗಿನ ಡ್ರೈವಿಂಗ್ ತಗದ ಬಿಡ್ರಿ. ಆ ಜಾಗಾದಾಗ ಹಾರ್ಮೋನಿಯಂ ಹಾಕ್ರಿ."

ಗುಂಡಿ ಒತ್ತಿದೆ. ಯಂತ್ರ ಪರದೆಯ ಮೇಲೆ ಕೇಳಿತು: "ಡ್ರೈವಿಂಗ್ ತೆಗೆದರೆ, ಅದನ್ನೇ ನೆಚ್ಚಿಕೊಂಡ ಸಿಳ್ಳೆಯೂ ಹೋಗುತ್ತದೆ. ತೆಗೆಯಲೇ?"

ಅವರು ತಟ್ಟನೆ ಎದ್ದು ಕೂತರು. "ಬ್ಯಾಡ್ರಿ! ಸ್ಟೇರಿಂಗ್ ಹಿಡದ ಕಲ್ತ ಸಿಳ್ಳಿ ಅದು. ಅದನ್ನ ಕೇಳಿದ್ರನ ಮೊಮ್ಮಗಳು ಮಲಗ್ತಾಳ."

ಬೇರೆ ಅಂಗಡಿಗಳ ಯಂತ್ರಗಳು ಕೇಳುವುದಿಲ್ಲ, ಬೇಗ ಮುಗಿಸುತ್ತವೆ. ಇದನ್ನು ಕಟ್ಟುವಾಗ ಈ ಪ್ರಶ್ನೆ ಬೇಕೇ ಬೇಕೆಂದು ಹಟ ಹಿಡಿದವಳು ನಾನು. ಗಿರಾಕಿ ಕಾಯುವುದಿಲ್ಲವೆಂದು ಎಲ್ಲರೂ ನಕ್ಕಿದ್ದರು. ಆ ಸಾಲು ಮೂಡಿದಾಗಲೆಲ್ಲ ಇಂದಿಗೂ ಹೆಮ್ಮೆಯಿಂದ ನನ್ನ ಬೆನ್ನು ನೆಟ್ಟಗಾಗುತ್ತದೆ.

"ಮತ್ತ ಹಾರ್ಮೋನಿಯಂಗೆ ಜಾಗ?" ಎಂದೆ.

"ಟ್ರಾಫಿಕ್‌ನ್ಯಾಗ ಕಲ್ತ ಬೈಗುಳ ತಗೀರಿ."

ಈ ಸಲ ಯಂತ್ರ ಏನೂ ಕೇಳಲಿಲ್ಲ. ಬೈಗುಳವನ್ನು ನೆಚ್ಚಿಕೊಂಡದ್ದು ಅವರ ತಲೆಯಲ್ಲಿ ಒಂದೂ ಇರಲಿಲ್ಲ.