ಬಾಗಿಲ ಬಕೆಟ್

ಮರದ ಮನೆಗಳೇ ತುಂಬಿದ್ದ ಅಮೆರಿಕದ ಆ ಹೊಸ ನಗರಕ್ಕೆ ಆತನೇ ಮೊದಲ ಮೇಯರ್. ಮನೆಮನೆಯ ಬಾಗಿಲಲ್ಲೂ ಯಜಮಾನನ ಹೆಸರು ಬರೆದ ತೊಗಲಿನ ಬಕೆಟ್ ಸದಾ ನೀರಿನಿಂದ ತುಂಬಿರಬೇಕೆಂದು, ಬೆಂಕಿಗೆ ಹೆದರಿ, ಕಟ್ಟಳೆ ಮಾಡಿದವನೂ ಆತನೇ.

ರೊಟ್ಟಿ ಸುಡುವವಳ ಮನೆ ಹೊತ್ತಿಕೊಂಡಾಗ ಬಕೆಟ್‌ಗಳು ಗಡಿಬಿಡಿಯಲ್ಲಿ ಕೈಯಿಂದ ಕೈಗೆ ಸಾಗಿದವು. ಅವಳ ಕೈಸೇರಿದ ಕೊನೆಯ ಬಕೆಟ್ ಆತನದು. ಅದು ಖಾಲಿಯಿತ್ತು. ಬೆಳಗ್ಗೆ ಕುದುರೆಗೆ ಕುಡಿಸಿ ಮತ್ತೆ ತುಂಬಿಸಲು ಮರೆತಿದ್ದ. ಒಳಗಿದ್ದ ಅವಳ ಗಂಡ ಉಳಿಯಲಿಲ್ಲ.

ವಾರದ ಮೇಲೆ ಅವಳು ಅದೇ ಬಕೆಟ್ ಹಿಡಿದು ಬಂದಾಗ ಆತ ಎದ್ದು ನಿಂತ.

“ತಪ್ಪು ನನ್ನದು ತಾಯಿ. ನಾಳೆ ಚರ್ಚಿನಲ್ಲಿ ಎಲ್ಲರ ಮುಂದೆ ಹೇಳಿಬಿಡ್ತೀನಿ.”

ಅವಳು ಬಕೆಟ್ ಕೆಳಗಿಟ್ಟಳು. ಅಂಚಿನವರೆಗೂ ನೀರಿತ್ತು.

“ಬೇಡ ಸ್ವಾಮಿ. ಹೆಸರು ಕೆರೆದು ಹಾಕಿದೀನಿ. ಖಾಲಿ ಇದ್ದದ್ದು ನಿಮ್ಮದೇ ಅಂತ ಗೊತ್ತಾದರೆ, ಇನ್ನು ಈ ಊರಲ್ಲಿ ನೀರು ತುಂಬಿಡೋರು ಯಾರು?”