ನಡೆದು ಬಂದ ಉತ್ತರ

ಧ್ವನಿಯ ವೇಗ ಮನುಷ್ಯರ ನಡಿಗೆಯ ಮಟ್ಟಕ್ಕೆ ಇಳಿದು ಒಂದು ತಲೆಮಾರೇ ಕಳೆದಿತ್ತು. ಹೊಸ ರಂಗಮಂದಿರಗಳನ್ನೆಲ್ಲ ಬಳೆಯಂತೆ ದುಂಡಗೆ ಕಟ್ಟುತ್ತಿದ್ದರು; ಮಾತು ಎಲ್ಲರಿಗೂ ಒಟ್ಟಿಗೆ ಮುಟ್ಟಬೇಕಲ್ಲ! ಗದಗಿನ ಹಳೆಯ ರಂಗಮಂದಿರ ಮಾತ್ರ ರೈಲುಡಬ್ಬಿಯಂತೆ ಉದ್ದಕ್ಕಿತ್ತು. ಅಲ್ಲಿ ಹಾಸ್ಯನಟ ಬಸಲಿಂಗ ಜೋಕು ಹೇಳಿದರೆ, ಮುಂದಿನ ಸಾಲಿನವರು ನಕ್ಕು ಸುಮ್ಮನಾದ ಮೇಲೆ ಹಿಂದಿನವರು ನಗುತ್ತಿದ್ದರು.

ಅದನ್ನೂ ಕೆಡವಿ ದುಂಡಗೆ ಕಟ್ಟುವವರಿದ್ದರು. ಕೊನೆಯ ಆಟ ಮುಗಿದು ದೀಪ ಹತ್ತಿದಾಗ ಬಸಲಿಂಗ ರಂಗದ ಅಂಚಿಗೆ ಬಂದ. ಸಭಾಂಗಣದ ಆ ತುದಿಯಲ್ಲಿ ಬೆಳಕಿನ ಉಸ್ತುವಾರಿ ನೋಡುತ್ತಿದ್ದ ಕಸ್ತೂರಿಯತ್ತ ತಿರುಗಿ, ಬಹಳ ದಿನದಿಂದ ಗಂಟಲಲ್ಲೇ ಉಳಿದಿದ್ದ ಮಾತನ್ನು ಆಡಿಯೇಬಿಟ್ಟ.

"ಕಸ್ತೂರಿ, ನನ್ನ ಮದಿವ್ಯಾಗ್ತಿ ಏನ?"

ಆಡಿದ್ದೇ ತಡ, ಅದನ್ನು ಹಿಡಿದು ನಿಲ್ಲಿಸುವಂತೆ ಕೈ ಚಾಚಿದ. ಆದರೆ ಮಾತು ಆಗಲೇ ಮೂರನೇ ಸಾಲು ದಾಟಿತ್ತು. ಅದು ಹೋದಂತೆಲ್ಲ ಜನ ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದರು. ಕೊನೆಗೊಮ್ಮೆ ಕಸ್ತೂರಿಯ ತುಟಿ ಅಲುಗಿದ್ದು ಕಂಡಿತು.

ಉತ್ತರ ಹೊರಟಿತ್ತು. ಮೊದಲು ಅದನ್ನು ಕೇಳಿಸಿಕೊಂಡ ಕೊನೆಯ ಸಾಲಿನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರ ಮುಂದಿನವರೂ ನಕ್ಕರು. ಬಸಲಿಂಗ ರಂಗದ ಅಂಚಿನಿಂದ ಕೆಳಕ್ಕೆ ಬಗ್ಗಿದ.

"ಏನಂದ್ಳ್ರೀ ಅಕಿ?" ಎಂದು ಮೊದಲ ಸಾಲಿನ ಅಜ್ಜನನ್ನು ಕೇಳಿದ.

"ನಮಗರ ಎಲ್ಲಿ ಮುಟ್ಟೇತೋ? ತಡಿ, ಬರ್ತೈತಿ."

ತಡೆಯಲಾರದೆ ಬಸಲಿಂಗ ರಂಗದಿಂದ ಜಿಗಿದು ಉತ್ತರಕ್ಕೆ ಎದುರಾಗಿ ಓಡಿದ. ನಡುದಾರಿಯಲ್ಲಿ ಕಾಲು ಜಮಖಾನೆಗೆ ಸಿಕ್ಕಿ ಮುಗ್ಗರಿಸಿ ಬಿದ್ದ. ಬಿದ್ದಲ್ಲಿಗೇ ಕಸ್ತೂರಿಯ ದನಿ ನಿಧಾನವಾಗಿ ನಡೆದು ಬಂತು:

"ಆಗ್ತೀನಿ. ಆದ್ರ ಓಡಿ ಬರಬ್ಯಾಡ, ಬೀಳ್ತಿ."