ಭಾನುವಾರದ ಮುಹೂರ್ತ

"ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ," ಎಂದು ಜ್ಯೋತಿಷಿ ಓನ್ಪೊ ಪಂಚಾಂಗದ ಮೇಲೆ ಬೆರಳೂರಿದಾಗ, ಉಪ್ಪುಚಹಾ ಬಗ್ಗಿಸುತ್ತಿದ್ದ ಡೋಲ್ಕರ್‌ಳ ಕೈ ಅಲ್ಲೇ ನಿಂತುಬಿಟ್ಟಿತು. ಮಾವನ ದಹನಕ್ಕೆ ಸಿಕ್ಕ ಮುಹೂರ್ತ ಅದು. ಊರಿನ ಹೆಪ್ಪುಗಟ್ಟಿದ ಕೆರೆಯ ಮೇಲೆ ಹೆಂಗಸರ ಐಸ್ ಹಾಕಿ ಫೈನಲ್ಲೂ ಸರಿಯಾಗಿ ಅದೇ ಹೊತ್ತಿಗೆ. ಗೋಲು ಕಾಯುವವಳು ಡೋಲ್ಕರ್, ಬದಲಿಗೆ ಇನ್ನೊಬ್ಬಳಿಲ್ಲ. ಮೂರು ದಿನದಿಂದ ನೆಂಟರಿಗೆ ತುಕ್ಪಾ ಬೇಯಿಸುತ್ತ, ಹಸುವಿಗೆ ಮೇವು ಹಾಕುತ್ತ, ಮುಹೂರ್ತ ಸೋಮವಾರಕ್ಕೆ ಬರಲಿ ಅಂತ ಒಳಗೊಳಗೇ ಬೇಡಿಕೊಂಡಿದ್ದಳು. ಸಾವಿನ ಮನೆಯಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಹೇಗೆ?

ಅತ್ತೆ ಯಾಂಗ್ಡೋಲ್ ಜಪಚಕ್ರ ತಿರುಗಿಸುವುದನ್ನು ನಿಲ್ಲಿಸಿದಳು. "ಇನ್ನೊಂದ್ಸಲ ನೋಡಿ, ಓನ್ಪೊ-ಲೇ," ಎಂದಳು, ಅಲ್ಲಿನವರು ಗೌರವಕ್ಕೆ ಸೇರಿಸುವ 'ಲೇ' ಬಿಡದೆ.

"ಎಷ್ಟ್ ಸಲ ನೋಡಿದ್ರೂ ನಕ್ಷತ್ರ ಜರುಗಲ್ಲ, ಅಮಾ-ಲೇ."

"ನಕ್ಷತ್ರ ಇರ್ಲಿ, ನಮ್ಮ ಯಜಮಾನರನ್ನ ಹೊರೋರು ಬೇಕಲ್ಲ? ನಮ್ಮ ಕುಲದೇವರಿಗೆ ನಡ್ಕೊಳ್ಳೋ ಮನೆಯೋರೇ ಹೊರಬೇಕು. ಅವರಲ್ಲಿ ಒಬ್ಬ ಅವತ್ತಿನ ಮ್ಯಾಚಿಗೆ ರೆಫರಿ, ಇಬ್ಬರು ಗೆರೆ ಕಾಯೋರು, ಇನ್ನೊಬ್ಬ ಮೈಕ್ ಹಿಡಿಯೋನು. ನೀವೊಬ್ರೇ ಹೊತ್ಕೊಂಡ್ ಹೋಗ್ತೀರಾ?"

ಓನ್ಪೊ ಕನ್ನಡಕ ಏರಿಸಿದ, ಪುಟ ತಿರುವಿದ, ಗಂಟಲು ಸರಿಮಾಡಿಕೊಂಡ. "ಮಧ್ಯಾಹ್ನ ಎರಡಕ್ಕೂ ಅಡ್ಡಿಯಿಲ್ಲ ಅನ್ಸತ್ತೆ."

ಡೋಲ್ಕರ್ ತಲೆ ಎತ್ತದೆ ಅವನ ಬಟ್ಟಲು ತುಂಬಿಸಿದಳು. ಅತ್ತೆ ಅವಳ ತೋಳು ಹಿಡಿದು ಹತ್ತಿರಕ್ಕೆಳೆದುಕೊಂಡು ಪಿಸುಗುಟ್ಟಿದಳು: "ಸೋತು ಮಾತ್ರ ಬರಬೇಡ ಮಾರಾಯ್ತಿ. ನಲವತ್ತೊಂಬತ್ತು ದಿನ ಮುಗಿಯೋವರೆಗೂ ನಿಮ್ಮ ಮಾವನ ಜೀವ ಈ ಮನೇಲೇ ಸುತ್ತಾಡ್ತಿರತ್ತೆ. ನೀನು ಸೋತ್ರೆ ಅಷ್ಟು ದಿನ ಅವರ ಗೊಣಗಾಟ ಕೇಳಬೇಕಾದೋಳು ನಾನು."